ನಡುಬೆರಳಿನ ಶಾಯಿ: ಬೆಳಗಾವಿ ಜಿಲ್ಲೆಯ ಮಾಜಿ ಸೈನಿಕರಿಗೆ ಒಂದು ಬಹಿರಂಗ ಪತ್ರ

ಬೈಲಹೊಂಗಲ ತಾಲ್ಲೂಕು
ಮೇ 2024

ಸೈನ್ಯದಿಂದ ಊರಿಗೆ ಮರಳಿದ ನಮ್ಮ ಜಿಲ್ಲೆಯ ಎಲ್ಲ ಹಿರಿಯರಿಗೆ ನಮಸ್ಕಾರ.

ನಾನು ಬೈಲಹೊಂಗಲದಲ್ಲಿ ಬಿ.ಎ. ಮೊದಲ ವರ್ಷ ಓದುತ್ತಿದ್ದೇನೆ. ಹೋದ ಸೆಪ್ಟೆಂಬರಿನಲ್ಲಿ 18 ತುಂಬಿತು. ಮೊನ್ನೆ ಮೇ 7ರಂದು ಲೋಕಸಭೆ ಚುನಾವಣೆಯಲ್ಲಿ ಮೊದಲ ಸಲ ಮತ ಹಾಕಿದೆ. ಯಾರಿಗೆ ಅಂತ ಕೇಳಬೇಡಿ, ಅವ್ವನಿಗೂ ಹೇಳಿಲ್ಲ. ಅವ್ವ ಒಂದು ವಾರದಿಂದ ಸುತ್ತಿ ಬಳಸಿ ಕೇಳುತ್ತಲೇ ಇದ್ದಾಳೆ.

ಆದರೆ ಈ ಪತ್ರ ನನ್ನ ಮತದ ಬಗ್ಗೆ ಅಲ್ಲ. ಅವತ್ತು ನಮ್ಮೂರ ಕನ್ನಡ ಶಾಲೆಯ ಅಂಗಳದಲ್ಲಿ ಎರಡು ಸಾಲು ಇದ್ದವು. ಹೆಂಗಸರ ಸಾಲಿನಲ್ಲಿ ನಾನು ನಿಂತಿದ್ದೆ. ಪಕ್ಕದ ಗಂಡಸರ ಸಾಲಿನಲ್ಲಿ ನಮ್ಮ ಓಣಿಯ ಮಿಲ್ಟ್ರಿ ಕಾಕಾ ನಿಂತಿದ್ದರು. ನನಗೆ 18, ಅವರಿಗೆ 43. ಮತಯಂತ್ರದ ಬಟನ್ ಒತ್ತುವುದು ಇಬ್ಬರಿಗೂ ಅದೇ ಮೊದಲು.

ಅವರ ಹೆಸರು ಬರೆಯಲೇ ಅಂತ ಕೇಳಿದೆ. "ಬ್ಯಾಡವ್ವಾ, ಯಾದ್ಯಾಗ ಬಂದೈತಲ್ಲ, ಅಷ್ಟ ಸಾಕು" ಅಂದರು. ಅವರ ಆ ಮತದಾರರ ಯಾದಿಯ ಕಥೆ ಕೇಳಿದರೆ ನಾನು ಈ ಪತ್ರ ನಿಮಗೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ನಿಮ್ಮಲ್ಲಿ ಎಷ್ಟೋ ಮಂದಿಯ ಕಥೆಯೂ ಇದೇ ಇರಬಹುದು.

ಕಾಕಾ ಹುಟ್ಟಿದ್ದು 1980ರ ಜೂನ್‌ನಲ್ಲಿ. 1998ರ ಜೂನ್‌ನಲ್ಲಿ 18 ಆಯಿತು. ಅದೇ ನವೆಂಬರಿನಲ್ಲಿ ಬೆಳಗಾವಿ ಕ್ಯಾಂಪಿನಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿಗೆ ಭರ್ತಿಯಾದರು. ಆಗ ಮತದಾರರ ಯಾದಿಗೆ ಹೆಸರು ಬರಬೇಕಾದರೆ ಜನವರಿ 1ಕ್ಕೆ 18 ತುಂಬಿರಬೇಕಿತ್ತು. ವರ್ಷಕ್ಕೆ ಒಂದೇ ದಿನದ ಲೆಕ್ಕ. ಹೀಗಾಗಿ ಊರಿನ ಯಾದಿಗೆ ಸೇರುವ ಮೊದಲೇ ಕಾಕಾ ಊರು ಬಿಟ್ಟಿದ್ದರು. ಈಗ ಕಾನೂನು ಬದಲಾಗಿದೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್, ಈ ನಾಲ್ಕು ತಿಂಗಳ ಮೊದಲ ತಾರೀಖುಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ನನ್ನ ಅದೃಷ್ಟ ಅನ್ನಿ.

ಅವರು 24 ವರ್ಷ ನೌಕರಿ ಮಾಡಿ ಹವಾಲ್ದಾರರಾಗಿ 2022ರ ನವೆಂಬರಿನಲ್ಲಿ ಮನೆಗೆ ಬಂದರು. ಊರಲ್ಲಿ ಟ್ರ್ಯಾಕ್ಟರಿನ ಮೇಲೆ ಮೆರವಣಿಗೆ ಆಯಿತು. ನಿಮ್ಮಲ್ಲಿ ಬಹಳ ಮಂದಿಗೆ ಆಗಿರುತ್ತದೆ. ಹಲಗೆ, ಗುಲಾಲು, ಹಾರ, ಬಾಗಿಲಲ್ಲಿ ಕಾಕಿ ಹಿಡಿದ ಆರತಿ. ನಾನೂ ಫೋನಿನಲ್ಲಿ ವಿಡಿಯೊ ಮಾಡಿ ಸ್ಟೇಟಸ್ ಹಾಕಿದ್ದೆ.

ಆರು ತಿಂಗಳ ಮೇಲೆ, 2023ರ ಮೇ 10ರಂದು ವಿಧಾನಸಭೆ ಚುನಾವಣೆ ಬಂತು. ನನಗೆ ಆಗ 17. ಶಾಲೆಯ ಎದುರಿನ ಕಟ್ಟೆ ಮೇಲೆ ಕೂತು ಬರುವವರನ್ನು, ಹೋಗುವವರನ್ನು ಸುಮ್ನೆ ನೋಡುತ್ತಿದ್ದೆ. ಕಾಕಾ ಇಸ್ತ್ರಿ ಅಂಗಿ ಹಾಕಿಕೊಂಡು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು ಒಳಗೆ ಹೋದರು. ಅದರಲ್ಲಿ ಡಿಸ್ಚಾರ್ಜ್ ಬುಕ್, ಮಾಜಿ ಸೈನಿಕರ ಗುರುತಿನ ಚೀಟಿ, ಆಧಾರ್, ಪ್ಯಾನ್ ಎಲ್ಲ ಇದ್ದವು. ಐದೇ ನಿಮಿಷಕ್ಕೆ ಹೊರಗೆ ಬಂದರು. ಬೆರಳಿಗೆ ಶಾಯಿ ಇರಲಿಲ್ಲ.

"ಏನಾತ್ರೀ ಕಾಕಾ?" ಅಂದೆ.

"ಹೆಸರಿಲ್ಲಂತ" ಅಂದರು. ಅಷ್ಟೇ. ಮನೆ ಕಡೆ ನಡೆದುಬಿಟ್ಟರು.

ಆಮೇಲೆ ಅಪ್ಪ ವಿಚಾರಿಸಿದಾಗ ತಿಳಿಯಿತು. ಒಳಗಿದ್ದವರು ಬಹಳ ಮರ್ಯಾದೆಯಿಂದಲೇ ಮಾತಾಡಿದ್ದರಂತೆ. ಯಾದಿಯ ಹಾಳೆಗಳನ್ನು ಎರಡೆರಡು ಸಲ ತಿರುವಿ ತೋರಿಸಿದ್ದರಂತೆ. ಆದರೆ ಯಾದಿಯಲ್ಲಿ ಹೆಸರಿಲ್ಲದಿದ್ದರೆ ಕೈಯಲ್ಲಿ ಯಾವ ಚೀಟಿ ಇದ್ದರೂ ನಡೆಯುವುದಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ, ಅದೇ ಬೇಜಾರು. ಸೈನ್ಯದಲ್ಲಿ ಇರುವವರ ಹೆಸರು ಸೇವಾ ಮತದಾರರ ಯಾದಿಯಲ್ಲಿ ಇರುತ್ತದೆ. ಅದು ಕ್ಷೇತ್ರದ ಯಾದಿಯ ಕೊನೆಯ ಭಾಗ. ಅವರಿಗೆ ಅಂಚೆ ಮತ. ನೌಕರಿ ಮುಗಿದರೆ ಆ ಯಾದಿಯಲ್ಲಿ ಜಾಗ ಇಲ್ಲ. ಊರಿನ ಯಾದಿಗೆ ತಾವೇ ಅರ್ಜಿ ಹಾಕಬೇಕು. ಪಿಂಚಣಿ ತಾನಾಗಿ ಬಂದ ಹಾಗೆ ಹೆಸರೂ ತಾನಾಗಿ ಬಂದಿರುತ್ತದೆ ಅಂತ ಕಾಕಾ ತಿಳಿದಿದ್ದರು.

ಆ ಬೇಸಿಗೆ ಪೂರ್ತಿ ಅವರು ಅದರ ಬಗ್ಗೆ ಮಾತೇ ಆಡಲಿಲ್ಲ. ಮಳೆಗಾಲದಲ್ಲಿ ಒಂದು ಸಂಜೆ ಕರೆಂಟ್ ಹೋಗಿತ್ತು. ನಮ್ಮ ಕಟ್ಟೆ ಮೇಲೆ ಕೂತು ಅಜ್ಜ ಹಳೆ ಚುನಾವಣೆಗಳ ಕಥೆ ತೆಗೆದರು. 1996ರಲ್ಲಿ ನಮ್ಮ ಬೆಳಗಾವಿ ಲೋಕಸಭೆ ಕ್ಷೇತ್ರಕ್ಕೆ 456 ಮಂದಿ ನಿಂತಿದ್ದರು. ಅಂಥ ಗದ್ದಲ ನೋಡಿಯೇ ಆಮೇಲೆ ಠೇವಣಿಯನ್ನು 500 ರೂಪಾಯಿಯಿಂದ 10,000ಕ್ಕೆ ಏರಿಸಿದರು. ಅಜ್ಜನಿಗೆ ಈ ಕಥೆ ಹೇಳುವುದೆಂದರೆ ಹಬ್ಬ. ಎಲ್ಲರೂ ನಗುತ್ತಿದ್ದೆವು. ಕಾಕಾ ನಡುವೆಯೇ ಅಂದರು, "ನಾ ನೌಕರಿಯೊಳಗ ಇದ್ದಾಗ ಹತ್ತು ಇಲೆಕ್ಷನ್ ಆದವು."

ನಾನು ಬೆರಳಲ್ಲಿ ಎಣಿಸಿದೆ. ಲೋಕಸಭೆಗೆ 1999, 2004, 2009, 2014, 2019. ವಿಧಾನಸಭೆಗೆ 1999, 2004, 2008, 2013, 2018. ಹೌದು, 2021ರ ಲೋಕಸಭೆ ಉಪಚುನಾವಣೆ ಬಿಟ್ಟರೆ ಸರಿಯಾಗಿ ಹತ್ತು. ಅದರಲ್ಲಿ ಕಾಕಾ ಮತ ಹಾಕಿದ್ದು ಒಂದೇ ಸಲ.

2004ರಲ್ಲಿ ಅವರಿದ್ದ ಕಡೆಗೆ ಮತಪತ್ರದ ಲಕೋಟೆ ಬಂದಿತ್ತಂತೆ. ಆದರೆ ಅದು ಬರುವ ಹೊತ್ತಿಗೆ ಎಣಿಕೆ ಮುಗಿದು, ಗೆದ್ದವರು ಯಾರು ಅಂತ ರೇಡಿಯೊದಲ್ಲಿ ಕೇಳಿ ಆಗಿತ್ತು. ಜೊತೆಯವರೊಬ್ಬರು "ಇನ್ನ ಯಾರಿಗೆ ಹಾಕ್ತೀಪಾ, ಗೆದ್ದಾವಂಗ ಹಾಕು" ಅಂತ ಚೇಷ್ಟೆ ಮಾಡಿದ್ದರಂತೆ. ಕೆಲವು ಸಲ ಲಕೋಟೆ ಬರಲೇ ಇಲ್ಲ. ಕೆಲವು ಸಲ ಅದು ಒಂದು ಠಾಣ್ಯಕ್ಕೆ ಹೋಯಿತು, ಇವರು ಇನ್ನೊಂದು ಠಾಣ್ಯದಲ್ಲಿದ್ದರು. ಅಭ್ಯರ್ಥಿಗಳ ಕೊನೆಯ ಯಾದಿ ಆದಮೇಲೆ ಮತಪತ್ರ ಅಚ್ಚಾಗಬೇಕು. ಅಂಚೆಯಲ್ಲಿ ಇಲ್ಲಿಂದ ಅಲ್ಲಿಗೆ ಹೋಗಬೇಕು. ಗುರುತು ಹಾಕಿ ಮತ್ತೆ ಅಲ್ಲಿಂದ ಇಲ್ಲಿಗೆ ಬರಬೇಕು. ಹಿಮದ ದಾರಿ ಮುಚ್ಚಿದರೆ ಮುಗಿಯಿತು.

ಇದು ನಮ್ಮ ಕಾಕಾ ಒಬ್ಬರ ಹಣೆಬರಹ ಅಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು. 2014ರ ಲೋಕಸಭೆ ಚುನಾವಣೆಯಲ್ಲಿ ದೇಶದ ಸೇವಾ ಮತದಾರರಲ್ಲಿ ಮತ ಹಾಕಿದವರು ನೂರಕ್ಕೆ ನಾಲ್ಕು ಮಂದಿ. ನಾಲ್ಕೇ! ಗಡಿಯಲ್ಲಿ ನಿಂತವರಲ್ಲಿ 96 ಮಂದಿಯ ಮತ ಪೆಟ್ಟಿಗೆ ಮುಟ್ಟಿರಲಿಲ್ಲ. ನಾವು ಇಲ್ಲಿ ಶಾಲೆ ಮೂರು ಹೆಜ್ಜೆ ದೂರ ಇದ್ದರೂ "ಬಿಸಿಲೈತಿ, ಆಮ್ಯಾಲ ಹೋದರಾತು" ಅನ್ನುತ್ತಿದ್ದೆವು.

2016ರ ಅಕ್ಟೋಬರಿನಲ್ಲಿ ನಿಯಮ ಬದಲಾಯಿತು. ಈಗ ಮತಪತ್ರ ಹೋಗುವಾಗ ಅಂಚೆಯ ದಾರಿ ಹಿಡಿಯುವುದಿಲ್ಲ, ಕಂಪ್ಯೂಟರಿನಲ್ಲಿ ಹೋಗುತ್ತದೆ. ಅಲ್ಲಿ ಇಳಿಸಿಕೊಂಡು, ಮುದ್ರಿಸಿ, ಗುರುತು ಹಾಕಿ, ಸಣ್ಣ ಲಕೋಟೆಯಲ್ಲಿ ಇಟ್ಟು ಅಂಟಿಸುತ್ತಾರೆ. ಅಧಿಕಾರಿಯ ಎದುರು ಸಹಿ ಮಾಡಿದ ಘೋಷಣೆ ಪತ್ರದ ಜೊತೆ ಅದನ್ನು ದೊಡ್ಡ ಲಕೋಟೆಗೆ ಹಾಕಿ ಅಂಚೆಗೆ ಕೊಡುತ್ತಾರೆ. ಟಿಕೆಟ್ ಅಂಟಿಸುವ ಕೆಲಸ ಇಲ್ಲ. ಬರುವುದು ಮಾತ್ರ ಅಂಚೆಯಲ್ಲೇ. ಒಂದು ಕಡೆಯ ದಾರಿಯ ಸಮಯ ಉಳಿದದ್ದಕ್ಕೇ 2019ರಲ್ಲಿ 18 ಲಕ್ಷ ಸೇವಾ ಮತದಾರರಲ್ಲಿ ನೂರಕ್ಕೆ 60 ಮಂದಿಯ ಮತ ಬಂತು. ಆ 60ರಲ್ಲಿ ಕಾಕಾನೂ ಒಬ್ಬರು. "ಹಾಕೇನಿ, ಬಂದು ಮುಟ್ಟಿತೋ ಇಲ್ಲೋ ಯಾರಿಗೊತ್ತು" ಅನ್ನುತ್ತಾರೆ. ಅವರ ಅನುಮಾನ ಇನ್ನೂ ಹೋಗಿಲ್ಲ.

ಅವತ್ತು ಕತ್ತಲಲ್ಲಿ ಕೂತು ಕಾಕಾ ಇದನ್ನೆಲ್ಲ ಹೇಳುವಾಗ ಕಾಕಿ ಹಿಂದಿನಿಂದ, "ಇಪ್ಪತ್ನಾಕ ವರ್ಷ ಇಬ್ಬರ ಪಾಲಿಂದೂ ನಾನ ಹಾಕೇನಿ ಬಿಡ್ರಿ" ಅಂದರು. ಎಲ್ಲರೂ ನಕ್ಕರು. ಕಾಕಾನೂ ನಕ್ಕರು. ನನಗೆ ಮಾತ್ರ ಹೋದ ಮೇ ತಿಂಗಳ ಆ ಪ್ಲಾಸ್ಟಿಕ್ ಕವರ್ ನೆನಪಾಯಿತು.

ದೀಪಾವಳಿಗೆ ಮುಂಚೆ ಒಂದು ಭಾನುವಾರ ನಮ್ಮ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಅಕ್ಕ ಶಾಲೆಯಲ್ಲಿ ಕೂತಿದ್ದರು. ನನ್ನ ಹೆಸರು ಸೇರಿಸಲು ಹೋಗುವವಳಿದ್ದೆ. ಕಾಕಾನ ಮನೆ ಮುಂದೆ ನಿಂತು ಕೂಗಿದೆ, "ಕಾಕಾ, ಬರ್ರಿ, ಫಾರ್ಮ್ ತುಂಬೂಣು."

ಅಲ್ಲಿ ಹೋಗಿ ಕೂತ ಮೇಲೆ ಒಂದು ಸಂಗತಿ ನೋಡಿ ನನಗೆ ನಗು ಬಂತು. ಅಕ್ಕ ನನಗೆ ಒಂದು ಫಾರ್ಮ್ ಕೊಟ್ಟರು. ಕಾಕಾನಿಗೂ ಅದೇ ಫಾರ್ಮ್ ಕೊಟ್ಟರು. ನಮೂನೆ 6, ಹೊಸ ಮತದಾರರ ಅರ್ಜಿ. ಮೊನ್ನೆ ಮೊನ್ನೆ ಪಿಯುಸಿ ಮುಗಿಸಿದ ಹುಡುಗಿಗೂ, 24 ವರ್ಷ ದೇಶ ಕಾಯ್ದು ಬಂದ ಹವಾಲ್ದಾರರಿಗೂ ಒಂದೇ ಕಾಗದ. ಇಬ್ಬರೂ ಹೊಸಬರು. ಕಾಕಾ ಕನ್ನಡಕ ಮರೆತು ಬಂದಿದ್ದರು. ಅವರ ಫಾರ್ಮ್ ನಾನೇ ತುಂಬಿದೆ. ಹುಟ್ಟಿದ ತಾರೀಖು ಕೇಳಿದರೆ ಕವಾಯತಿನಲ್ಲಿ ನಂಬರ್ ಹೇಳಿದ ಹಾಗೆ ಹೇಳಿದರು. ಮನೆಯವರೊಬ್ಬರ ಮತದಾರರ ಚೀಟಿಯ ನಂಬರ್ ಬೇಕಿತ್ತು, ಕಾಕಿಯದು ಹಾಕಿದೆವು. ಎರಡು ಕಡೆ ಹೆಸರು ಇರಬಾರದು, ಇದ್ದರೆ ತಪ್ಪಾಗುತ್ತದೆ ಅಂತ ಅಕ್ಕ ಹೇಳಿದಾಗ ಕಾಕಾ ಡಿಸ್ಚಾರ್ಜ್ ಬುಕ್ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟರು. ಅಕ್ಕ ಅದನ್ನು ನೋಡಿದರು. ಕೊನೆಯ ಪುಟದ ತನಕ ನೋಡಿದರು. ಅರ್ಜಿಗೆ ಅದರ ಅವಶ್ಯ ಇರಲಿಲ್ಲ ಅನಿಸುತ್ತದೆ. ಆದರೂ ನೋಡಿದರು.

ಇಷ್ಟೇ ಕೆಲಸ. ಎಲ್ಲ ಸೇರಿ ಅರ್ಧ ತಾಸು. ಅದು ಗೊತ್ತಿಲ್ಲದ್ದಕ್ಕೆ ಒಂದು ಮತ ಹೋಗಿತ್ತು.

ಈಗ ಮೇ 7ರ ಬೆಳಗಿಗೆ ಬರುತ್ತೇನೆ. ಏಳಕ್ಕೆ ಮತದಾನ ಶುರು. ಬಿಸಿಲು ಏರುವ ಮೊದಲು ಮುಗಿಸೋಣ ಅಂತ ನಾನು ಆರೂವರೆಗೇ ಹೋದೆ. ಕಾಕಾ ಆಗಲೇ ಅಲ್ಲಿದ್ದರು. ಬೂಟು ಹೊಳೆಯುತ್ತಿದ್ದವು. ನನ್ನನ್ನು ನೋಡಿ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಅವ್ವಿ, ಬಟನ್ ಒತ್ತಿ ಹಿಡೀಬೇಕೋ, ಒಮ್ಮೆ ಒತ್ತಿ ಬಿಡಬೇಕೋ?"

ನಮ್ಮ ಕಾಲೇಜಿನಲ್ಲಿ ಮತಯಂತ್ರ ತಂದು ತೋರಿಸಿದ್ದರು, ಅದಕ್ಕೆ ನನಗೆ ಗೊತ್ತಿತ್ತು. "ಒಮ್ಮೆ ಒತ್ತಿದರ ಸಾಕು. ನೀಲಿ ಬಟನ್. ಕೆಂಪು ದೀಪ ಹತ್ತತೈತಿ. ಬಾಜೂ ಪೆಟಿಗ್ಯಾಗ ಚೀಟಿ ಕಾಣತೈತಿ, ಏಳು ಸೆಕೆಂಡ್. ಆಮ್ಯಾಲ ಬೀಪ್ ಅಂತೈತಿ" ಅಂದೆ. ಕಾಕಾ ಒಂದೊಂದಕ್ಕೂ ತಲೆ ಆಡಿಸಿದರು. ರೈಫಲ್ ಬಿಚ್ಚಿ ಜೋಡಿಸುವುದನ್ನು ಎಷ್ಟೋ ಹುಡುಗರಿಗೆ ಕಲಿಸಿದವರು ಅವರು. ಅವತ್ತು ನಾನು ಉಸ್ತಾದ್, ಅವರು ರಂಗರೂಟ್. ಸುಳ್ಳು ಯಾಕೆ ಹೇಳಲಿ, ನನಗೆ ಬಹಳ ಖುಷಿ ಆಯಿತು.

ಒಳಗೆ ನಾನು ಅವರ ಹಿಂದೆಯೇ ಇದ್ದೆ. ಯಾದಿಯಲ್ಲಿ ಹೆಸರು ನೋಡಿ ಗಟ್ಟಿಯಾಗಿ ಓದಿದರು. ಕಾಕಾ ಒಂದು ಸಲ ತಿರುಗಿ ನನ್ನನ್ನು ನೋಡಿದರು. ಮುಂದಿನ ಮೇಜಿನಲ್ಲಿ ಶಾಯಿ. ಕುಳಿತಿದ್ದ ಮೇಡಂ ಕಡ್ಡಿಯನ್ನು ಬಾಟಲಿಯಲ್ಲಿ ಅದ್ದಿ, "ಎಡಗೈ ತೋರುಬೆರಳು ಕೊಡ್ರಿ" ಅಂದರು.

ಕಾಕಾ ಎಡಗೈ ಚಾಚಿದರು. ಆ ಕೈಯಲ್ಲಿ ತೋರುಬೆರಳು ಇಲ್ಲ. ಬುಡದಲ್ಲಿ ಒಂದು ಗೆಣ್ಣು ಮಾತ್ರ ಉಳಿದಿದೆ.

ಈ ಬೆರಳಿನ ಬಗ್ಗೆ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ನಾವು ಸಣ್ಣವರಿದ್ದಾಗ ಕಾಕಾ ರಜೆಗೆ ಬಂದರೆ ಓಣಿಯ ಹುಡುಗರೆಲ್ಲ ಹಿಂದಿನಿಂದ ಅವರನ್ನು "ಒಂಬತ್ತೂವರೆ ಕಾಕಾ" ಅಂತ ಕರೆಯುತ್ತಿದ್ದೆವು. ಆ ಹೆಸರು ಇಟ್ಟವಳೇ ನಾನು. ಆಮೇಲೆ 2016ರ ಫೆಬ್ರುವರಿ ಬಂತು. ನಾನು ಐದನೆಯ ತರಗತಿಯಲ್ಲಿದ್ದೆ. ಪಕ್ಕದ ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಸಿಯಾಚಿನ್‌ನ ಹಿಮದ ಕೆಳಗೆ ಆರು ದಿನ ಹೂತುಹೋಗಿದ್ದರು. ಜೀವಂತ ಸಿಕ್ಕರು ಅಂತ ಊರೇ ಕುಣಿಯಿತು. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಶಾಲೆಯಲ್ಲಿ ನಮ್ಮನ್ನೆಲ್ಲ ಎದ್ದು ನಿಲ್ಲಿಸಿದರು. ಅವತ್ತು ಸಂಜೆ ಅಪ್ಪ ಹೇಳಿದರು, ಕಾಕಾನ ಬೆರಳು ಹೋದದ್ದೂ ಅಲ್ಲೇ. ಕೈಗವಸು ತೆಗೆದು ಏನೋ ರಿಪೇರಿ ಮಾಡುತ್ತಿದ್ದರಂತೆ, ಕೆಲವೇ ನಿಮಿಷ. ಚಳಿ ಕಚ್ಚಿದ ಬೆರಳು ಕಪ್ಪಾಯಿತು, ಕತ್ತರಿಸಿದರು. ಅದಾದ ಮೇಲೆ ನಾನು ಆ ಹೆಸರಿನಿಂದ ಅವರನ್ನು ಕರೆದಿಲ್ಲ. ಕ್ಷಮೆ ಕೇಳಿದ್ದೂ ಇಲ್ಲ. ಈ ಪತ್ರ ಅವರು ಓದುತ್ತಾರೆ, ಇಲ್ಲೇ ಕೇಳಿಬಿಡುತ್ತೇನೆ. ಕಾಕಾ, ತಪ್ಪಾತ್ರಿ.

ಮೇಡಂ ಕಡ್ಡಿ ಹಿಡಿದುಕೊಂಡು ಒಂದು ಕ್ಷಣ ಸುಮ್ಮನಾದರು. ಕಾಕಾ ಬಲಗೈ ಮುಂದೆ ಮಾಡಿದರು. ಅಷ್ಟರಲ್ಲಿ ಮತಗಟ್ಟೆಯ ಅಧಿಕಾರಿ ಎದ್ದು ಬಂದು, "ಇಲ್ಲ, ಎಡಗೈಯ ನಡುಬೆರಳಿಗೆ ಹಾಕ್ರಿ" ಅಂದರು. ನಿಯಮ ಇದೆಯಂತೆ.

ಮನೆಗೆ ಬಂದು ಆ ನಿಯಮ ಹುಡುಕಿ ಓದಿದೆ. 1961ರ ಚುನಾವಣೆ ನಡೆಸುವ ನಿಯಮಗಳಲ್ಲಿ ಇದೆ. ಎಡಗೈ ತೋರುಬೆರಳು ಇಲ್ಲದಿದ್ದರೆ ಆ ಕೈಯ ಬೇರೆ ಯಾವುದಾದರೂ ಬೆರಳಿಗೆ. ಎಡಗೈಯ ಯಾವ ಬೆರಳೂ ಇಲ್ಲದಿದ್ದರೆ ಬಲಗೈ ತೋರುಬೆರಳಿಗೆ, ಅದೂ ಇಲ್ಲದಿದ್ದರೆ ಬಲಗೈಯ ಬೇರೆ ಬೆರಳಿಗೆ. ಎರಡೂ ಕೈಗಳಲ್ಲಿ ಬೆರಳೇ ಇಲ್ಲದಿದ್ದರೆ ತೋಳಿನ ತುದಿಗೆ. ಕಾನೂನಿನ ಪುಸ್ತಕ ಓದಿ ಗಂಟಲು ಕಟ್ಟುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಇದನ್ನು ಬರೆದವರು ಯಾರೋ, ಕೈ ಕಳೆದುಕೊಂಡವರನ್ನೂ ಮರೆಯದೆ ಬರೆದಿದ್ದಾರೆ. ಕೈ ಹೋದರೂ ಮತ ಹೋಗಬಾರದು ಅಂತ ಲೆಕ್ಕ ಹಾಕಿದ್ದಾರೆ.

ನಡುಬೆರಳಿನ ಇನ್ನೊಂದು ಕಥೆಯೂ ಅಲ್ಲೇ ಸಿಕ್ಕಿತು. ಸೈನ್ಯದಲ್ಲಿರುವವರು ಬೇಕಾದರೆ ಊರಲ್ಲಿ ಒಬ್ಬರನ್ನು ತಮ್ಮ ಪರವಾಗಿ ಮತ ಹಾಕಲು ನೇಮಿಸಬಹುದು. 2003ರಿಂದ ಈ ಅವಕಾಶ ಇದೆ. ಹಾಗೆ ಪರವಾಗಿ ಹಾಕುವವರಿಗೆ ಶಾಯಿ ಹಚ್ಚುವುದು ಎಡಗೈಯ ನಡುಬೆರಳಿಗೆ. ತೋರುಬೆರಳು ತಮ್ಮ ಸ್ವಂತ ಮತಕ್ಕೆ. ಕಾಕಿಗೆ ಇದು ಮೊದಲೇ ಗೊತ್ತಿದ್ದರೆ ನಿಜವಾಗಿಯೂ ಇಬ್ಬರ ಪಾಲಿನದೂ ಹಾಕಬಹುದಿತ್ತು! ಹೇಳಿದೆ. "ಈಗ ಹೇಳ್ತೀಯಲ್ಲ ನನ್ನವ್ವ" ಅಂದರು.

ಶಾಯಿ ಬಗ್ಗೆಯೂ ಒಂದು ಮಾತು. ಅದು ನಮ್ಮ ಮೈಸೂರಿನದು, 1962ರಿಂದ ದೇಶಕ್ಕೆಲ್ಲ ಅಲ್ಲಿಂದಲೇ ಹೋಗುತ್ತದೆ. ಹಚ್ಚಿದಾಗ ನೇರಳೆ, ಬಿಸಿಲು ಬಿದ್ದ ಮೇಲೆ ಕಪ್ಪು. ಕಾಕಾನ ನಡುಬೆರಳಲ್ಲಿ ಇವತ್ತಿಗೂ ಇದೆ.

ಮತ ಹಾಕಿ ಹೊರಗೆ ಬಂದ ಕಾಕಾ ಬೇವಿನ ಮರದ ಕೆಳಗೆ ನನಗಾಗಿ ಕಾಯುತ್ತಿದ್ದರು. "ಏಳು ಸೆಕೆಂಡ್ ಅಂದಿದ್ದಿ, ನಾ ಎಣಿಸಿದೆ. ಬರೊಬ್ಬರಿ ಏಳು" ಅಂದರು.

ಈಗ ನಿಮಗೆ ನೇರವಾಗಿ ಕೆಲವು ಮಾತು.

ನಿಮ್ಮ ಋಣ ನನ್ನ ಮೇಲಿದೆ ಅಂತ ಹೇಳಲು ನನಗೆ ಸಂಕೋಚ ಆಗುತ್ತದೆ. ಯಾಕೆಂದರೆ ಆ ಮಾತು ಬಹಳ ಸಲ ಕೇಳಿದ್ದೇನೆ, ಆಡಿಯೂ ಇದ್ದೇನೆ. ಡಿಸೆಂಬರ್ 7ರ ಧ್ವಜ ದಿನಕ್ಕೆ ಶಾಲೆಯಲ್ಲಿ ಹತ್ತು ರೂಪಾಯಿ ಕೊಟ್ಟು ಸ್ಟಿಕರ್ ತಗೊಂಡು ಅಂಗಿಗೆ ಹಚ್ಚಿಕೊಳ್ಳುತ್ತಿದ್ದೆವು. ಸಂಜೆ ಮನೆಗೆ ಬರುವ ಹೊತ್ತಿಗೆ ಅದು ಬಿದ್ದುಹೋಗಿರುತ್ತಿತ್ತು. ಜನವರಿ 26ಕ್ಕೆ ನಿಮ್ಮನ್ನು ಕರೆದು ಶಾಲು, ಹಣ್ಣಿನ ಬುಟ್ಟಿ ಕೊಡುತ್ತೇವೆ. ನಮ್ಮ ಕಡೆ ಆ ದಿನಕ್ಕೆ ಇನ್ನೊಂದು ತೂಕ ಇದೆ, ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೆ ಹಾಕಿದ್ದು 1831ರ ಜನವರಿ 26ರಂದು. ಭಾಷಣ ಮಾಡುವವರಿಗೆ ಇದು ಬಹಳ ಅನುಕೂಲ. ರಾಯಣ್ಣನಿಂದ ಶುರು ಮಾಡಿ ನಿಮ್ಮ ತನಕ ಬಂದು ಚಪ್ಪಾಳೆ ತಗೊಂಡು ಹೋಗುತ್ತಾರೆ. ಕಾಕಾನಿಗೂ ಅಂಥ ಮೂರು ಶಾಲು ಬಂದಿವೆ. ಆದರೆ ಶಾಲು ಹಾಕಿದವರಲ್ಲಿ, ಟ್ರ್ಯಾಕ್ಟರ್ ಮುಂದೆ ಕುಣಿದವರಲ್ಲಿ, ಸ್ಟೇಟಸ್ ಹಾಕಿದ ನಮ್ಮಂಥವರಲ್ಲಿ ಒಬ್ಬರಿಗೂ "ಕಾಕಾ, ನಿಮ್ಮ ಹೆಸರು ಯಾದ್ಯಾಗ ಐತೇನ್ರಿ?" ಅಂತ ಕೇಳಬೇಕು ಅಂತ ಹೊಳೆಯಲಿಲ್ಲ.

ಅದಕ್ಕೇ ಈ ಪತ್ರ. ನೀವು ಇತ್ತೀಚೆಗೆ ನೌಕರಿ ಮುಗಿಸಿ ಬಂದಿದ್ದರೆ ನಿಮ್ಮ ಹೆಸರು ಊರಿನ ಯಾದಿಯಲ್ಲಿ ಇದೆಯೋ ಇಲ್ಲವೋ ಇವತ್ತೇ ನೋಡಿಕೊಳ್ಳಿ. ಚುನಾವಣೆ ಘೋಷಣೆ ಆಗುವ ತನಕ ಕಾಯಬೇಡಿ. ಫೋನಿನಲ್ಲಿ ಚುನಾವಣಾ ಆಯೋಗದ ಆ್ಯಪ್ ಇದೆ, ಇಲ್ಲದಿದ್ದರೆ ನಿಮ್ಮ ಬಿಎಲ್‌ಒ ಇದ್ದಾರೆ. ಹೆಸರಿಲ್ಲದಿದ್ದರೆ ನಮೂನೆ 6. ಸೇವೆಯಲ್ಲಿದ್ದಾಗ ನಿಮಗೆ ಮತದಾರರ ಚೀಟಿ ಕೊಟ್ಟಿರುವುದಿಲ್ಲ, ಹಾಗಾಗಿ "ನನ್ನ ಹತ್ರ ಚೀಟಿನೇ ಇಲ್ಲ" ಅಂತ ಹಿಂಜರಿಯಬೇಡಿ. ಹೊಸಬರಿಗೆ ಯಾರಿಗೂ ಇರುವುದಿಲ್ಲ. ನನಗೂ ಇರಲಿಲ್ಲ.

ಮಾಜಿ ಸೈನಿಕರ ಗುರುತಿನ ಚೀಟಿ ಮಾಡಿಸಲು ನೀವೆಲ್ಲ ಒಂದಲ್ಲ ಒಂದು ದಿನ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗೇ ಹೋಗುತ್ತೀರಿ. ಅದೇ ಮೇಜಿನ ಮೇಲೆ ನಮೂನೆ 6ರ ಒಂದು ಕಟ್ಟು ಇಟ್ಟರೆ ಸಾಕು ಅಂತ ನನಗೆ ಅನಿಸುತ್ತದೆ. ಬೇರೆ ಖರ್ಚಿಲ್ಲ, ಹೊಸ ಯೋಜನೆ ಬೇಕಿಲ್ಲ. ಜಿಲ್ಲೆಯ ಚುನಾವಣಾ ಶಾಖೆಯವರು ಈ ಪತ್ರ ಓದಿದರೆ ದಯವಿಟ್ಟು ಇದನ್ನು ಯೋಚಿಸಿ.

ಇದು ಮುಂದೆ ಇನ್ನೂ ಜಾಸ್ತಿ ಬೇಕಾಗುತ್ತದೆ. ನಮ್ಮ ಓಣಿಯ ಒಬ್ಬ ಹುಡುಗ ನನಗಿಂತ ಎರಡು ವರ್ಷ ದೊಡ್ಡವನು. ಮೊದಲ ತಂಡದಲ್ಲೇ ಅಗ್ನಿವೀರನಾಗಿ 2023ರ ಜನವರಿಯಲ್ಲಿ ಸೇರಿದ. ನಾಲ್ಕು ವರ್ಷದ ನೌಕರಿ. ನೂರಕ್ಕೆ 25 ಮಂದಿಯನ್ನು ಮಾತ್ರ ಉಳಿಸಿಕೊಳ್ಳುತ್ತಾರೆ, ಉಳಿದವರು ಮನೆಗೆ. ಅಂದರೆ 2027ರ ಹೊತ್ತಿಗೆ 22, 23 ವಯಸ್ಸಿನ ಹುಡುಗರು ಸಾಲು ಸಾಲಾಗಿ ಊರಿಗೆ ಬರುತ್ತಾರೆ. ಕೆಲಸ ಹುಡುಕುವುದೋ, ಓದು ಮುಂದುವರಿಸುವುದೋ ಅನ್ನುವ ಗಡಿಬಿಡಿಯಲ್ಲಿ ಇರುತ್ತಾರೆ. ಯಾದಿಯ ನೆನಪು ಯಾರಿಗೆ ಇರುತ್ತದೆ? ಕಾಕಾ ಹೋದ ದಾರಿಯಲ್ಲೇ ಅವರೂ ಹೋಗಿ ಬರಿಗೈಯಲ್ಲಿ ಹೊರಗೆ ಬರಬಾರದು. ಇದನ್ನು ಅವರಿಗೆ ಹೇಳಲು ನಿಮಗಿಂತ ಯಾರು ಬೇಕು? ನಾವು ಹೇಳಿದರೆ "ಹೂಂ ಹೂಂ" ಅನ್ನುತ್ತಾರೆ. ನೀವು ಹೇಳಿದರೆ ಎದ್ದು ನಿಂತು ಕೇಳುತ್ತಾರೆ.

ನಮ್ಮ ಕಡೆಯಿಂದ ನಾನು ಒಂದು ಮಾತು ಕೊಡಬಲ್ಲೆ. ಕಾಲೇಜಿನಲ್ಲಿ ಹೊಸ ಮತದಾರರ ನೋಂದಣಿ ನಡೆದಾಗ ನಾವು ಐದು ಮಂದಿ ಗೆಳತಿಯರು ನಮ್ಮ ನಮ್ಮ ಊರಿಗೆ ಆ ವರ್ಷ ಮರಳಿದ ಸೈನಿಕರ ಮನೆ ಬಾಗಿಲಿಗೆ ಹೋಗುತ್ತೇವೆ. ಒಬ್ಬಳ ಊರು ಕಿತ್ತೂರಿನ ಹತ್ತಿರ. ಅವರು ಬೆಳಗಾವಿ ಜಿಲ್ಲೆಯವರಾದರೂ ಲೋಕಸಭೆಗೆ ಉತ್ತರ ಕನ್ನಡ ಕ್ಷೇತ್ರಕ್ಕೆ ಮತ ಹಾಕುತ್ತಾರೆ. ನಮ್ಮ ಮಂದಿಗೇ ಗೊಂದಲ ಆಗುತ್ತದೆ, 20 ವರ್ಷ ಹೊರಗಿದ್ದು ಬಂದವರಿಗೆ ಕೇಳಬೇಕೆ? ನಾವು ಬಂದರೆ ಬೇಜಾರು ಮಾಡಿಕೊಳ್ಳಬೇಡಿ. ಫಾರ್ಮ್ ನಾವೇ ತುಂಬುತ್ತೇವೆ, ನೀವು ಕನ್ನಡಕ ಹುಡುಕುವ ತನಕ ಕಾಯುತ್ತೇವೆ.

ನಮ್ಮೂರಲ್ಲಿ 1971ರ ಯುದ್ಧ ನೋಡಿದ ಒಬ್ಬ ಸುಬೇದಾರ ಅಜ್ಜ ಇದ್ದಾರೆ, 87 ವರ್ಷ. ಈ ಸಲ 85 ದಾಟಿದವರಿಗೆ ಮನೆಯಲ್ಲೇ ಮತ ಹಾಕುವ ಅವಕಾಶ ಇತ್ತು. ತಂಡ ಬಂದಾಗ ಅಜ್ಜ ವಿಡಿಯೊ ಮಾಡುತ್ತಿದ್ದ ಹುಡುಗನನ್ನು ಮೇಲಿಂದ ಕೆಳಗೆ ನೋಡಿ, "ತಮ್ಮಾ, ನೀ ಅತ್ಲಾಗ ಮುಖ ಮಾಡಿ ನಿಂದ್ರು" ಅಂದರಂತೆ. ಅವರ ವಿಷಯದಲ್ಲಿ ನಾನು ಹೇಳುವುದು ಏನೂ ಇಲ್ಲ. ಅವರಿಗೆ ಎಲ್ಲ ಗೊತ್ತಿದೆ.

ಅಗ್ನಿವೀರ ಹುಡುಗ ಮೇ 7ರ ಸಂಜೆ ಫೋನ್ ಮಾಡಿದ್ದ. ಅವನಿಗೂ ಇದೇ ಮೊದಲ ಮತ. ನಮ್ಮ ಹಂತದಲ್ಲಿ ನಾಮಪತ್ರ ವಾಪಸ್ ತಗೊಳ್ಳುವ ಕೊನೆಯ ದಿನ ಏಪ್ರಿಲ್ 22 ಇತ್ತು. ಅದಾದ ಮೇಲೆ ಅವನಿಗೆ ಮತಪತ್ರ ಬಂತು, ಗುರುತು ಹಾಕಿ ಅಂಚೆಗೆ ಕೊಟ್ಟಿದ್ದಾನೆ. ಎಣಿಕೆ ಜೂನ್ 4ಕ್ಕೆ ಇರುವುದರಿಂದ ಈ ಸಲ ದಾರಿಗೆ ಬೇಕಾದಷ್ಟು ದಿನ ಸಿಕ್ಕಿದೆ. ಅವತ್ತು ಬೆಳಗ್ಗೆ ಎಂಟರ ಒಳಗೆ ಮುಟ್ಟಿದರೆ ಸಾಕು. ನನ್ನ ಮತ, ಕಾಕಾನ ಮತ ಬೆಳಗಾವಿಯಲ್ಲಿ ಬೀಗ ಹಾಕಿದ ಕೋಣೆಯಲ್ಲಿ ಪೊಲೀಸರ ಕಾವಲಿನಲ್ಲಿ ಕೂತಿವೆ. ಅವನದು ಮಾತ್ರ ಇನ್ನೂ ಎಲ್ಲೋ ಅಂಚೆ ಚೀಲದಲ್ಲಿ ಬರುತ್ತಿದೆ. ನಾನು ಇದನ್ನು ಬರೆಯುವಾಗ ಯಾವ ರೈಲಿನಲ್ಲಿದೆಯೋ.

ಎಣಿಕೆಯಲ್ಲಿ ಮೊದಲು ತೆಗೆಯುವುದು ಅಂಚೆ ಮತಗಳನ್ನು, ಯಂತ್ರದ ಮತಗಳು ಆಮೇಲೆ ಅಂತ ಕಾಕಾನಿಗೆ ಹೇಳಿದೆ. ಅವರಿಗೆ ಅದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ 2019ರಾಗ ನಂದು ಮೊದಲ ತಗದಿರಬೇಕಲ್ಲ?" ಅಂದರು.

"ಮುಟ್ಟಿದ್ದರ ಹೌದ್ರಿ" ಅಂದೆ.

ಜೂನ್ 4ರಂದು ಎಂಟಕ್ಕೆ ಸರಿಯಾಗಿ ಟಿವಿ ಮುಂದೆ ಬರಬೇಕು ಅಂತ ಹುಕುಂ ಆಗಿದೆ. ಚಹಾ ಕಾಕಿ ಮಾಡುತ್ತಾರೆ.

ನಿಮ್ಮ,
ಯಾದಿಗೆ ಹೊಸದಾಗಿ ಸೇರಿದ ಒಬ್ಬ ಹುಡುಗಿ